ಮಂಜು ಕವಿದ ದಿನ ಸಿಕ್ಕ ವೈರಸ್

ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ವೈರಸ್ ಪತ್ತೆಗೆ ಲಂಡನ್ನಿನ ಮಂಜೂ ನೆರವಾಯಿತು! ಉಗಾಂಡಾದ ಮಕ್ಕಳ ದವಡೆ ಊದಿಸುತ್ತಿದ್ದ ಕ್ಯಾನ್ಸರ್ ಗೆಡ್ಡೆಯನ್ನು ಗುರುತಿಸಿದವರು ಕಂಪಾಲಾದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್. ಅದರ ತುಣುಕುಗಳು ವಿಮಾನದಲ್ಲಿ ಲಂಡನ್ನಿನ ಸಂಶೋಧಕ ಆಂಥನಿ ಎಪ್‌ಸ್ಟೀನ್ ಅವರಿಗೆ ಹೋಗುತ್ತಿದ್ದವು. 1963ರ ಡಿಸೆಂಬರ್‌ನಲ್ಲಿ ಮಂಜಿನಿಂದಾಗಿ ವಿಮಾನ ಮ್ಯಾಂಚೆಸ್ಟರ್‌ಗೆ ತಿರುಗಿತು. ತಡವಾಗಿ ತಲುಪಿದ ಮಾದರಿಯ ದ್ರವ ಕದಡಿತ್ತು. ಕೆಟ್ಟಿದೆಯೆಂದು ಎಸೆಯದೆ ಎಪ್‌ಸ್ಟೀನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪ್ರಯಾಣದ ಕುಲುಕಾಟಕ್ಕೆ ಬಿಡಿಬಿಡಿಯಾದ ಗೆಡ್ಡೆಯ ಕೋಶಗಳು ಜೀವಂತವಾಗಿ ತೇಲುತ್ತಿದ್ದವು! ಅದುವರೆಗೆ ಪ್ರಯೋಗಾಲಯದಲ್ಲಿ ಬೆಳೆಯದೆ ಸತಾಯಿಸಿದ್ದ ಕೋಶಗಳು ಆಮೇಲೆ ಬೆಳೆದವು. ಅವುಗಳಲ್ಲೇ ಕಂಡದ್ದು ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದವರು ಮೂವರು: ಎಪ್‌ಸ್ಟೀನ್, ಇವೊನ್ ಬಾರ್ ಮತ್ತು ಟ್ರಿನಿಡಾಡ್ ಮೂಲದ ಬರ್ಟ್ ಅಚಾಂಗ್. ವೈರಸ್‌ನ ಹೆಸರಿನಲ್ಲಿ ಅಚಾಂಗ್ ಅವರಿಗೆ ಜಾಗ ಸಿಗದಿದ್ದುದು ಬೇಸರದ ಸಂಗತಿ.