ಭಾನುವಾರಕ್ಕೂ ಸೋಮವಾರಕ್ಕೂ ಒಂದೇ ಗಾಡಿ

ಡೆನಿಲಿಕ್ವಿನ್ ಸುತ್ತಮುತ್ತ ನೆಲವೆಲ್ಲ ಚಪ್ಪಟೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ದಕ್ಷಿಣದಂಚಿಗೆ ಹರಡಿಕೊಂಡ ರಿವರೀನಾ ಬಯಲು ಇದು. ಗೋಧಿ, ಭತ್ತ, ಕುರಿ, ಉಳಿದದ್ದೆಲ್ಲ ಆಕಾಶ. ವರ್ಷದ ಬಹುಪಾಲು ಇಲ್ಲಿ ಗದ್ದಲವಿಲ್ಲ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ, ಅಲ್ಲಿಯವರ ವಸಂತದ ಬಿಸಿಲಿನಲ್ಲಿ, ಹೆದ್ದಾರಿಗಳ ಮೇಲೆ ಗಾಡಿಗಳ ಸಾಲು ಕಾಣಿಸಿಕೊಳ್ಳುತ್ತದೆ. ಬಣ್ಣ ಬೇರೆ, ವಯಸ್ಸು ಬೇರೆ, ಜಾತಿ ಒಂದೇ: ಮುಂದೆ ಕಾರು, ಹಿಂದೆ ತೆರೆದ ತೊಟ್ಟಿ. ಆಸ್ಟ್ರೇಲಿಯಾದವರು ಇದನ್ನು ‘ಯೂಟ್’ ಎನ್ನುತ್ತಾರೆ. 1999ರಲ್ಲಿ ಶುರುವಾದ ‘ಡೆನಿ ಯೂಟ್ ಮಸ್ಟರ್’ ಜಾತ್ರೆಗೆ ಇವು ಸಾವಿರಗಟ್ಟಲೆ ಬಂದು ಸೇರುತ್ತವೆ. ಊರೊಳಗೆ ಕಂಬದ ತುದಿಗೇರಿಸಿ ನಿಲ್ಲಿಸಿದ ಒಂದು ಯೂಟೇ ಇದೆ. ಹೋಗಿಬರುವವರೆಲ್ಲ ಕತ್ತೆತ್ತಿ ಅದನ್ನು ನೋಡುತ್ತಾರೆ.

ಮೈದಾನದಲ್ಲಿ ಮೊದಲು ಕಣ್ಣಿಗೆ ಬೀಳುವವು ಹುಡುಗರ ಗಾಡಿಗಳು. ಮುಂದೆ ಕಾಂಗರೂ ಅಡ್ಡ ಬಂದರೂ ತಡೆದುಕೊಳ್ಳುವಂಥ ಉಕ್ಕಿನ ಗಾರ್ಡು, ಅದರ ಮೇಲೆ ತಟ್ಟೆಯಷ್ಟಗಲದ ದೀಪಗಳು, ಗಾಳಿಗೆ ತೂಗಾಡುವ ಉದ್ದುದ್ದ ಏರಿಯಲ್‌ಗಳು, ಹಿಂದಿನ ಗಾಜು ಕಾಣದ ಹಾಗೆ ಅಂಟಿಸಿದ ಸ್ಟಿಕ್ಕರ್‌ಗಳು, ಬಾವುಟಗಳು. ತೊಟ್ಟಿಯಲ್ಲಿ ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಒಂದು ಕೆಲ್ಪಿ ನಾಯಿ. ತೋಳಿಲ್ಲದ ಕಡುನೀಲಿ ಬನಿಯನ್ ಅಲ್ಲಿ ಗಂಡಸು ಹೆಂಗಸು ಮಕ್ಕಳೆಲ್ಲರ ಸಮವಸ್ತ್ರ. ಅತ್ತ ಅಂಕಣದಲ್ಲಿ ಒಂದು ಗಾಡಿ ಹಿಂದಿನ ಚಕ್ರ ಜಾರಿಸಿಕೊಂಡು ಸುತ್ತು ಹೊಡೆಯುತ್ತಿದ್ದರೆ ಎದ್ದ ಧೂಳು ಬಹಳ ಹೊತ್ತು ಇಳಿಯುವುದಿಲ್ಲ. ಆ ಸಡಗರ ಚೆನ್ನಾಗಿಯೇ ಇದೆ. ಆದರೆ ನನ್ನ ಕಾಲು ಎಳೆಯುವುದು ಹಳೆಯ ಗಾಡಿಗಳು ನಿಲ್ಲುವ ಕಡೆಗೆ.

ಅಲ್ಲಿ ಸದ್ದು ಕಡಿಮೆ. ಬಾನೆಟ್ಟುಗಳು ತೆರೆದಿವೆ, ಜನ ಬಗ್ಗಿ ನೋಡುತ್ತಿದ್ದಾರೆ. ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯ ಐವತ್ತರ ದಶಕದ ಎಫ್‌ಜೆ ಯೂಟು ಒಂದರ ಪಕ್ಕ ನಿಂತು ಬಾಗಿಲಿನ ಹಿಡಿಯಿಂದ ಹಿಂದಕ್ಕೆ ಕಣ್ಣಾಡಿಸಿ. ಬಾಗಿಲು ಮುಗಿದು, ಕ್ಯಾಬಿನ್ ಮುಗಿದು, ಸರಕಿನ ತೊಟ್ಟಿ ಶುರುವಾಗುವ ಜಾಗದಲ್ಲಿ ತಗಡು ಎಲ್ಲೂ ತುಂಡಾಗುವುದಿಲ್ಲ. ಅದೇ ಮೈ, ಅದೇ ಬಣ್ಣ, ಹಿಂದಿನ ಚಕ್ರದ ಮೇಲೆ ಉಬ್ಬಿ, ಬಾಲದೀಪದವರೆಗೆ ಇಳಿದು ಹೋಗುತ್ತದೆ. ನಮ್ಮ ರಸ್ತೆಗಳ ಬೊಲೆರೊ ಪಿಕಪ್ಪನ್ನೋ ಟಾಟಾ 207 ಅನ್ನೋ ನೆನೆದುಕೊಳ್ಳಿ: ಅಲ್ಲಿ ಡ್ರೈವರ್ ಕೂರುವ ಕ್ಯಾಬಿನ್ ಬೇರೆ, ಸರಕಿನ ತೊಟ್ಟಿ ಬೇರೆ, ನಡುವೆ ಕೈ ತೂರುವಷ್ಟು ಸಂದು. ಅವು ಹುಟ್ಟಿನಿಂದ ಲಾರಿಯ ಕುಲದವು. ಯೂಟು ಕಾರಿನ ಮನೆಯಲ್ಲಿ ಹುಟ್ಟಿ ಹೊರೆ ಹೊರಲು ಹೋದದ್ದು. ಅದರ ಚೆಲುವೆಲ್ಲ ಆ ಸಂದಿಲ್ಲದ ಕೂಡಿಕೆಯಲ್ಲಿದೆ. ಬೇರೆ ಯಾವ ಪಿಕಪ್ಪಿನಲ್ಲೂ ನನಗೆ ಅದು ಕಂಡಿಲ್ಲ.

ಆ ಕೂಡಿಕೆ ಹೇಗೆ ಬಂತೆಂಬುದನ್ನು ಆಸ್ಟ್ರೇಲಿಯಾದ ಹಳ್ಳಿಗರು ಮನೆಮಾತಿನಂತೆ ಹೇಳುತ್ತಾರೆ. 1930ರ ದಶಕದ ಆರಂಭ, ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಕಡೆಯ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಕಾಗದ ಬರೆದಳು. ಕಾರು, ಲಾರಿ ಎರಡನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು. ಅಂಥದ್ದೊಂದು ಮಾಡಿಕೊಡಲಾದೀತೇ ಎಂಬುದು ಅದರ ಸಾರ. ಆಕೆಯ ಹೆಸರು ಯಾರಿಗೂ ತಿಳಿಯದೆ ಹೋಯಿತು. ಕಾಗದವನ್ನು ಗಂಭೀರವಾಗಿ ತೆಗೆದುಕೊಂಡವರ ಹೆಸರು ಉಳಿದಿದೆ. ಜಿಲಾಂಗ್ ಊರಿನ ಫೋರ್ಡ್ ಕಾರ್ಖಾನೆಯಲ್ಲಿ ವಿನ್ಯಾಸಕಾರರಾಗಿದ್ದ ಲೂಯಿಸ್ ಬ್ಯಾಂಡ್ಟ್, ಆಗಿನ್ನೂ ಇಪ್ಪತ್ತಮೂರರ ಆಸುಪಾಸು.

ಬ್ಯಾಂಡ್ಟ್ ಗೋಡೆಯಗಲದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯನ್ನು ಬಿಡಿಸಿದರು. ಖರ್ಚು ಉಳಿಸಲು ಮುಂಭಾಗವನ್ನೆಲ್ಲ ಫೋರ್ಡಿನ ವಿ8 ಕಾರಿನಿಂದಲೇ ಎತ್ತಿಕೊಂಡರು. ಅದರ ಬೆನ್ನಿಗೆ ಮರದ ಚೌಕಟ್ಟಿನ ತೊಟ್ಟಿ ಜೋಡಿಸಿ, ಕ್ಯಾಬಿನ್ನಿನ ಪಕ್ಕದ ತಗಡನ್ನು ಹಿಂದಿನವರೆಗೂ ಎಳೆದು ಎರಡನ್ನೂ ಒಂದೇ ಮೈ ಮಾಡಿದರು. ಹೊರೆ ಬಿದ್ದಾಗ ಗಾಡಿ ತಿರುಚಿಕೊಳ್ಳಬಾರದೆಂದು ಅಡಿಯಲ್ಲಿ ಅಡ್ಡಕತ್ತರಿಯಾಕಾರದ ಗಟ್ಟಿ ಚಾಸಿ ಕೊಟ್ಟರು. ಸುಮಾರು 545 ಕಿಲೊ ಹೊರುವ ಆ ಗಾಡಿ 1934ರಲ್ಲಿ ಮಾರಾಟಕ್ಕೆ ಬಂತು. ಪಕ್ಕದ ತಗಡನ್ನು ಹಾಗೆ ಎಳೆದದ್ದರಿಂದ ತೊಟ್ಟಿಯಲ್ಲಿ ಜಾಗವೂ ಹೆಚ್ಚಿತು, ಗಾಡಿಗೆ ಮರ್ಯಾದೆಯೂ ಬಂತು. ಚರ್ಚಿನ ಮುಂದೆ ನಿಲ್ಲಿಸಿದಾಗ ಅದು ಕಾರಿನ ಹಾಗೆಯೇ ಕಾಣಬೇಕೆಂದು ಆ ರೈತ ಹೆಣ್ಣುಮಗಳು ಬಾಯಿಬಿಟ್ಟು ಕೇಳಿರಲಿಲ್ಲ. ಕಾಗದದ ಒಳದನಿ ಆ ಯುವಕನಿಗೆ ಕೇಳಿಸಿತ್ತು.

ಹೋಲ್ಡನ್ ತನ್ನ ಯೂಟನ್ನು ತಂದದ್ದು 1951ರಲ್ಲಿ. ಬೂದು ಬಣ್ಣ ಬಳಿದಿದ್ದಕ್ಕೆ ‘ಗ್ರೇ ಮೋಟಾರ್’ ಎಂದೇ ಹೆಸರಾದ ಆರು ಸಿಲಿಂಡರಿನ 2.15 ಲೀಟರ್ ಇಂಜಿನ್, 60 ಅಶ್ವಶಕ್ತಿ, ಸ್ಟೀರಿಂಗ್ ಕಂಬಕ್ಕೇ ಜೋಡಿಸಿದ ಮೂರು ಗೇರು. ಮುಂದಿನ ದಶಕಗಳಲ್ಲಿ ಫೋರ್ಡಿನ ಫಾಲ್ಕನ್ ಯೂಟು ಹೆಚ್ಚೋ ಹೋಲ್ಡನ್ ಯೂಟು ಹೆಚ್ಚೋ ಎಂಬ ಜಗಳ ಮನೆಮನೆಯಲ್ಲೂ ನಡೆಯಿತು, ಈಗಲೂ ತೀರ್ಮಾನವಾಗಿಲ್ಲ.

ಅಮೆರಿಕಕ್ಕೂ ಈ ಹುಚ್ಚು ಹತ್ತಿತ್ತು. 1957ರಲ್ಲಿ ಫೋರ್ಡ್ ರಾಂಚೆರೊ, 1959ರಲ್ಲಿ ಶೆವರ್ಲೆ ಎಲ್ ಕಮಿನೊ. ಎಲ್ ಕಮಿನೊ 1970ರ ಹೊತ್ತಿಗೆ 7.4 ಲೀಟರಿನ ದೈತ್ಯ ಇಂಜಿನ್ ಹೊತ್ತು ಓಟದ ಗಾಡಿಯೇ ಆಗಿಬಿಟ್ಟಿತ್ತು. ರಾಂಚೆರೊ 1979ಕ್ಕೆ, ಎಲ್ ಕಮಿನೊ 1987ಕ್ಕೆ ನಿಂತುಹೋದವು. ನನಗೆ ಅವೆರಡಕ್ಕಿಂತ ಜಪಾನಿನ ಸುಬಾರು ಬ್ರ್ಯಾಟ್ ಮೇಲೆ ಅಕ್ಕರೆ. ಕೋಳಿಮಾಂಸದ ಸುಂಕದ ವಿಷಯದಲ್ಲಿ ಯೂರೋಪಿನೊಂದಿಗೆ ಜಗಳವಾಗಿ ಅಮೆರಿಕ ಸರ್ಕಾರ 1960ರ ದಶಕದಲ್ಲಿ ಆಮದು ಪಿಕಪ್ಪುಗಳ ಮೇಲೆ ಶೇ 25ರಷ್ಟು ಸುಂಕ ಜಡಿದಿತ್ತು. ಸುಬಾರು ಕಂಪನಿ ಬ್ರ್ಯಾಟ್‌ನ ಬಯಲು ತೊಟ್ಟಿಯಲ್ಲೇ ಹಿಂದಕ್ಕೆ ಮುಖಮಾಡಿದ ಎರಡು ಸೀಟು ಕೂರಿಸಿ, ಇದು ಜನ ಕೂರುವ ಕಾರು ಎಂದು ದಾಖಲೆ ತೋರಿಸಿ ಸುಂಕದಿಂದ ಪಾರಾಯಿತು. ಅಧ್ಯಕ್ಷ ರೇಗನ್ ಕೂಡ ಕ್ಯಾಲಿಫೋರ್ನಿಯಾದ ತಮ್ಮ ರಾಂಚಿನಲ್ಲಿ ಒಂದು ಬ್ರ್ಯಾಟ್ ಇಟ್ಟುಕೊಂಡಿದ್ದರು. ಇವತ್ತು ಅದನ್ನು ಜೀರ್ಣೋದ್ಧಾರ ಮಾಡುವವರು ಮೊದಲು ಹುಡುಕುವುದು ಆ ಎರಡು ಪ್ಲಾಸ್ಟಿಕ್ ಸೀಟುಗಳನ್ನೇ.

ಈಗ ಹಳೆಯ ಯೂಟೊಂದು ಮತ್ತೆ ಸಿದ್ಧವಾಗುತ್ತಿರುವ ಒಂದು ಶೆಡ್ಡಿಗೆ ಬರೋಣ. ಪಶ್ಚಿಮ ವಿಕ್ಟೋರಿಯಾದಲ್ಲಿ ಕುರಿ ಸಾಕಿದ ಹಿರಿಯರೊಬ್ಬರದ್ದು. ಅಲೆತಗಡಿನ ಗೋಡೆ, ಒಳಗೆ ಗ್ರೀಸು ಮತ್ತು ಉಣ್ಣೆಯ ವಾಸನೆ. ಮರದ ದಿಮ್ಮಿಗಳ ಮೇಲೆ ಒಂದು ಎಫ್‌ಜೆ ಯೂಟಿನ ಬರಿ ಮೈ. ಅವರ ತಂದೆಯ ಕಾಲದ್ದು. ಬೇಲಿಯ ಮೂಲೆಯಲ್ಲಿ ದಶಕಗಟ್ಟಲೆ ನಿಂತು, ಒಳಗೆ ಹುಲ್ಲು ಬೆಳೆದು, ಇಲಿ ಗೂಡು ಕಟ್ಟಿದ್ದು. ಮುಂದಿನ ಭಾಗಗಳ ಬಗ್ಗೆ ಇವರಿಗೆ ಚಿಂತೆಯಿಲ್ಲ. ಮಡ್‌ಗಾರ್ಡು, ಬಾನೆಟ್ಟು, ದೀಪದ ಬಳೆ ಎಲ್ಲ ಆ ಕಾಲದ ಕಾರಿಗೂ ಯೂಟಿಗೂ ಒಂದೇ. ಗುಜರಿಯಲ್ಲಿ ಬಿದ್ದ ಕಾರಿನಿಂದ ಬಿಚ್ಚಿ ತರಬಹುದು. ಕಷ್ಟವಿರುವುದು ಬೆನ್ನಿನ ಹಿಂದೆ. ಯೂಟಿನ ಹಿಂಬಾಗಿಲು, ಪಕ್ಕದ ಉದ್ದ ತಗಡು, ಕ್ಯಾಬಿನ್ನಿನ ಹಿಂಗೋಡೆ, ಇವು ಯೂಟಿಗೆ ಮಾತ್ರ ಇರುವಂಥವು. ಅವೇ ಮೊದಲು ಹಾಳಾಗುವಂಥವು ಕೂಡ. ಪೆಟ್ಟು ತಿನ್ನದ, ತಿರುಚಿಕೊಳ್ಳದ ಒಂದು ಹಳೆಯ ಹಿಂಬಾಗಿಲು ಸಿಕ್ಕಿತೆಂದರೆ ಆ ಸುದ್ದಿ ನಾಲ್ಕು ಊರು ದಾಟುತ್ತದೆ.

ತುಕ್ಕು ಎಲ್ಲಿ ಕೂತಿದೆ ಎಂದು ಅವರು ಟಾರ್ಚು ಹಿಡಿದು ತೋರಿಸಿದರು. ತೊಟ್ಟಿಯ ಪಕ್ಕದ ಗೋಡೆ ಎರಡು ಪದರದ್ದು, ಹೊರಗೊಂದು ತಗಡು, ಒಳಗೊಂದು. ನಡುವಿನ ಪೊಳ್ಳಿನಲ್ಲಿ ದಶಕಗಳ ಗೋಧಿ ಹೊಟ್ಟು, ಮಣ್ಣು, ಹುಲ್ಲಿನ ಪುಡಿ ಸೇರಿ ಕೊಡಪಾನದ ತಳದ ಕೆಸರಿನಂತೆ ಗಟ್ಟಿಯಾಗಿದೆ. ಮಳೆ ಬಂದರೆ ಅದು ನೀರು ಹೀರಿಕೊಂಡು ವಾರಗಟ್ಟಲೆ ಒದ್ದೆ ಇಟ್ಟುಕೊಳ್ಳುತ್ತದೆ. ಮೇಲೆ ಬಣ್ಣ ನಗುತ್ತಿದ್ದರೂ ಒಳಗಿನಿಂದ ತಗಡು ಹೋಗಿರುತ್ತದೆ. ಸೂಪರ್ ಫಾಸ್ಫೇಟ್ ಚೀಲ ಹೊತ್ತ ಗಾಡಿಯ ನೆಲದ ಸ್ಥಿತಿ ಇನ್ನೂ ಕೆಟ್ಟದ್ದು. ಹರಿದ ಚೀಲದಿಂದ ಸುರಿದ ಗೊಬ್ಬರ ನೆಲದ ಏಣುಗಳ ಸಂದಿಗೆ ಇಳಿದು ತಗಡನ್ನು ತಿಂದುಹಾಕುತ್ತದೆ. ಅವರು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರೆ ಅದು ಹಿಡಿಯವರೆಗೆ ಒಳಗೆ ಹೋಯಿತು.

ಹೋಲ್ಡನ್ನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನುಮೂಳೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಕಬ್ಬಿಣದ ಪೈಪನ್ನು ಅಡ್ಡಕ್ಕೆ ಬೆಸುಗೆ ಹಾಕಿ ಬಿಗಿಯಬೇಕು. ಇಲ್ಲದಿದ್ದರೆ ಗಾಡಿ ನಡುವಿನಲ್ಲಿ ಜಗ್ಗುತ್ತದೆ, ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಹೊಸ ತಗಡನ್ನು ಉದ್ದಕ್ಕೆ ಒಂದೇ ಬಾರಿಗೆ ಬೆಸೆಯುವಂತೆಯೂ ಇಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಬಿಸಿ ಆರುವವರೆಗೆ ಕಾಯಬೇಕು, ಮತ್ತೆ ಇನ್ನೊಂದು ಚುಕ್ಕೆ. ಅವಸರ ಮಾಡಿದರೆ ಆ ಉದ್ದ ಮೈಯೆಲ್ಲ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಆಮೇಲೆ ಸುತ್ತಿಗೆ, ತಗಡಿನ ಹಿಂದೆ ಹಿಡಿಯುವ ಉಕ್ಕಿನ ಗುಂಡು, ಕಣ್ಣು ಮುಚ್ಚಿ ಅಂಗೈ ಸವರಿ ಏರಿಳಿತ ಹುಡುಕುವುದು. ಪುಟ್ಟಿ ಮೆತ್ತಿ ಮುಗಿಸುವ ಟಿಂಕರಿಂಗ್ ಕೆಲಸಕ್ಕೆ ಇಲ್ಲಿ ಬೆಲೆಯಿಲ್ಲ. ಹಳಬರು ಸೀಸ ಕರಗಿಸಿ ಕೂಡಿಕೆ ತುಂಬುತ್ತಾರೆ.

ಇಷ್ಟೆಲ್ಲ ಮಾಡುವವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ. ತೊಟ್ಟಿಯ ಒಳಮೈಯಲ್ಲಿ ಕುರಿಗಳು ಒದ್ದ ತಗ್ಗುಗಳಿರುತ್ತವೆ, ಹಿಂಬಾಗಿಲ ಅಂಚಿನಲ್ಲಿ ತಂತಿಯ ಸುರುಳಿ ಎಳೆದೆಳೆದು ಸವೆದ ಗೀರುಗಳಿರುತ್ತವೆ. ಅವನ್ನು ತಟ್ಟಿ ನೆಟ್ಟಗೆ ಮಾಡುವುದೋ ಬಿಡುವುದೋ? ಪ್ರದರ್ಶನದ ಬಹುಮಾನ ಬೇಕೆಂದರೆ ತೆಗೆಯಲೇಬೇಕು. ಅಂಥ ಗಾಡಿಗಳ ತೊಟ್ಟಿಗೆ ಮೆರುಗೆಣ್ಣೆ ಹಚ್ಚಿದ ಮರದ ಪಟ್ಟಿ, ಮೇಲೆ ಬಿಗಿದ ಟಾರ್ಪಾಲು, ಒಳಗೆ ಒಂದು ಕಡ್ಡಿಯೂ ಬೀಳದ ಹಾಗೆ ಕಾವಲು. ಆ ಕೆಲಸದ ಕುಶಲತೆಗೆ ನಾನು ತಲೆಬಾಗುತ್ತೇನೆ. ಆದರೂ ಅಂಥ ಯೂಟಿಗೆ ಭಾನುವಾರ ಮಾತ್ರ ಉಳಿದಿದೆ, ಸೋಮವಾರ ಹೋಗಿದೆ. ಆ ಹೆಣ್ಣುಮಗಳು ಎರಡನ್ನೂ ಕೇಳಿದ್ದಳು. ಗಾಡಿಯ ತಾಂತ್ರಿಕತೆಯೂ ಇದನ್ನೇ ಹೇಳುತ್ತದೆ. ಹಿಂದಿನ ಪಟ್ಟಾ ಸ್ಪ್ರಿಂಗುಗಳನ್ನು ಹೊರೆಗೆಂದೇ ಗಟ್ಟಿಯಾಗಿ ಬಡಿದಿರುತ್ತಾರೆ. ಖಾಲಿ ಯೂಟು ಹಳ್ಳದಲ್ಲಿ ಕುಪ್ಪಳಿಸುತ್ತದೆ, ಮಳೆಯ ರಸ್ತೆಯಲ್ಲಿ ಹಿಂಭಾಗ ಹಗುರವಾಗಿ ಜಾರುತ್ತದೆ. ನಾಲ್ಕು ಮೂಟೆ ಹಾಕಿದಾಗ ಬೆನ್ನು ಸಮಕ್ಕೆ ಇಳಿದು, ಓಟ ನಯವಾಗುತ್ತದೆ.

ಈಗ ಹೊಸವು ಬರುವುದಿಲ್ಲ. ಫಾಲ್ಕನ್ ಯೂಟಿನ ಕೊನೆಯ ಗಾಡಿ 2016ರ ಜುಲೈನಲ್ಲಿ ಹೊರಬಂತು. 2017ರ ಅಕ್ಟೋಬರ್ 20ರಂದು ಎಲಿಜಬೆತ್ ಊರಿನ ಹೋಲ್ಡನ್ ಕಾರ್ಖಾನೆ ಬಾಗಿಲು ಹಾಕಿತು. 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೇ ಕಂಪನಿ ಕೈಬಿಡುವುದಾಗಿ ಹೇಳಿತು. ಥಾಯ್ಲೆಂಡಿನಿಂದ ಬರುವ ಎತ್ತರದ ಪಿಕಪ್ಪುಗಳನ್ನೂ ಅಲ್ಲಿಯವರು ಯೂಟ್ ಎಂದೇ ಕರೆಯುತ್ತಾರೆ, ಅವು ಲಾರಿಯ ಚಾಸಿಯವು. ಹೀಗಾಗಿ ಕಾರಿನ ಮೈಯ ಯೂಟುಗಳಿಗೆ ಬೆಲೆ ಏರಿದೆ. 2021ರಲ್ಲಿ, ಹೋಲ್ಡನ್ ಯೂಟನ್ನು ಆಧರಿಸಿದ ‘ಮಲೂ’ವಿನ ನಾಲ್ಕೇ ನಾಲ್ಕು ತಯಾರಾದ ಒಂದು ವಿಶೇಷ ಆವೃತ್ತಿಯ ಗಾಡಿಯೊಂದು ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಆ ಬೆಲೆಯ ಗಾಡಿಯ ತೊಟ್ಟಿಗೆ ಯಾರೂ ಸಲಿಕೆ ಎಸೆಯಲಾರರು. ನನಗೆ ಅದು ನೋವಿನ ಸಂಗತಿ.

ಬ್ಯಾಂಡ್ಟ್ ಅವರಂತೂ ಕೊನೆಯವರೆಗೂ ಯೂಟನ್ನು ಓಡಿಸಿದರು. ನಿವೃತ್ತರಾದ ಮೇಲೆ 1934ರ ಒಂದು ಯೂಟನ್ನು ಅವರೇ ಮತ್ತೆ ಕಟ್ಟಿದ್ದರು. 1987ರ ಮಾರ್ಚಿನಲ್ಲಿ ಯೂಟಿನ ಬಗೆಗಿನ ಸಾಕ್ಷ್ಯಚಿತ್ರದ ಚಿತ್ರೀಕರಣ ಮುಗಿಸಿ ಅದರಲ್ಲೇ ಮನೆಗೆ ಮರಳುವಾಗ ಅಪಘಾತದಲ್ಲಿ ತೀರಿಕೊಂಡರು. ಜಿಲಾಂಗ್ ಊರನ್ನು ಬಳಸಿ ಹೋಗುವ ಹೆದ್ದಾರಿಯ ದೊಡ್ಡ ಸೇತುವೆಯೊಂದಕ್ಕೆ ಈಗ ಅವರ ಹೆಸರಿದೆ. ದಿನವೂ ಅದೆಷ್ಟೋ ಯೂಟುಗಳು ಅದರ ಮೇಲೆ ಹಾದುಹೋಗುತ್ತವೆ.

ವಿಕ್ಟೋರಿಯಾದಲ್ಲಿ 25 ವರ್ಷ ದಾಟಿದ ಗಾಡಿಯನ್ನು ರಸ್ತೆಗಿಳಿಸಲು ಹಳೆಯ ಗಾಡಿಗಳ ಕ್ಲಬ್ಬಿನ ಮೂಲಕ ಕಡಿಮೆ ಖರ್ಚಿನ ಪರ್ಮಿಟ್ ಸಿಗುತ್ತದೆ. ವರ್ಷಕ್ಕೆ 45 ದಿನದ್ದು ಅಥವಾ 90 ದಿನದ್ದು, ಎರಡೇ ಬಗೆ. ಜೊತೆಗೆ ಒಂದು ಲಾಗ್ ಪುಸ್ತಕ ಕೊಡುತ್ತಾರೆ. ಗಾಡಿ ಹೊರಗೆ ತೆಗೆಯುವ ಮೊದಲು ಆ ದಿನದ ತಾರೀಖು ಬರೆದು ಸಹಿ ಹಾಕಲೇಬೇಕು. ಪ್ರದರ್ಶನಕ್ಕೆ ಮಾತ್ರ ಹೋಗುವವರಿಗೆ 45 ಧಾರಾಳ. ಶೆಡ್ಡಿನ ಹಿರಿಯರನ್ನು ಕೇಳಿದೆ, ಗಾಡಿ ಮುಗಿದ ಮೇಲೆ ಯಾವುದು ಮಾಡಿಸುತ್ತೀರಿ ಎಂದು. 90ರದ್ದೇ ಎಂದರು. ಕೆಳಗಿನ ಹೊಲದ ಬೇಲಿ ಪೂರ್ತಿ ಬದಲಾಯಿಸುವುದಿದೆಯಂತೆ, ಕಂಬಗಳನ್ನು ಸಾಗಿಸಬೇಕಲ್ಲ.