ಪಾನಗೃಹವೇ ಆಶ್ರಯವಾದ ಬಗೆ

ಸಲಿಂಗಾನುರಾಗಿಗಳಲ್ಲಿಯೂ ಲಿಂಗತ್ವ ಅಲ್ಪಸಂಖ್ಯಾತರಲ್ಲಿಯೂ ಮದ್ಯ ಹಾಗೂ ಮಾದಕದ್ರವ್ಯಗಳ ವ್ಯಸನವು ಇತರರಲ್ಲಿರುವುದಕ್ಕಿಂತ ಹೆಚ್ಚೆಂಬುದನ್ನು ಅಮೆರಿಕದ ಅನೇಕ ಸಮೀಕ್ಷೆಗಳು ತೋರಿಸಿವೆ. ಇದನ್ನು ಕೇಳಿದೊಡನೆ ‘ಅದು ಅವರ ಸ್ವಭಾವವೇ’ ಎಂದು ತೀರ್ಪು ಕೊಡುವವರುಂಟು. ಆ ತೀರ್ಪನ್ನು ಒರೆಗೆ ಹಚ್ಚಬೇಕಾದರೆ ನ್ಯೂಯಾರ್ಕ್ ನಗರದ ಇತಿಹಾಸವನ್ನು ನೋಡಬೇಕು.

ಮುಂಬಯಿಗೆ ಬಂದಿಳಿದ ಕನ್ನಡಿಗನು ಮೊದಲು ಅರಸಿದ್ದು ತನ್ನವರು ಕಲೆಯುವ ಎಡೆಯನ್ನು. ಉಡುಪಿ ಹೋಟೆಲನ್ನೋ ಸಂಘದ ವಾಚನಾಲಯವನ್ನೋ. ಅವೆಲ್ಲ ಮುಚ್ಚಿಹೋಗಿ ಕತ್ತಲೆಯ ಹೆಂಡದಂಗಡಿಯೊಂದೇ ಉಳಿದಿದ್ದರೆ ನಮ್ಮ ಗತಿಯೇನಾಗುತ್ತಿತ್ತು? ನ್ಯೂಯಾರ್ಕಿನ ಸಲಿಂಗಾನುರಾಗಿಗಳ ಪಾಡು ಹೆಚ್ಚುಕಡಿಮೆ ಅದೇ ಆಗಿತ್ತು. ಅವರು ಒಂದೆಡೆ ಸೇರುವುದನ್ನೇ ಮದ್ಯಪರವಾನಗಿಯ ಅಧಿಕಾರಿಗಳು ಅವ್ಯವಸ್ಥೆಯೆಂದು ಎಣಿಸುತ್ತಿದ್ದರು. ಪರವಾನಗಿಗೆ ಅಂಜಿದ ಅಂಗಡಿಕಾರರು ಅವರನ್ನು ದೂರವಿಟ್ಟರು. 1966ರ ಏಪ್ರಿಲ್ 21ರಂದು ಮ್ಯಾಟಷೀನ್ ಸೊಸೈಟಿಯ ಡಿಕ್ ಲೀಚ್ ಮತ್ತು ಸಂಗಡಿಗರು ಜೂಲಿಯಸ್ ಎಂಬ ಪಾನಗೃಹಕ್ಕೆ ಹೋಗಿ, ತಾವು ಇಂಥವರೆಂದು ತಿಳಿಸಿಯೇ ಮದ್ಯ ಕೇಳಿದರು. ಸುರಿಯುವವನು ಗ್ಲಾಸಿನ ಮೇಲೆ ಅಂಗೈ ಅಡ್ಡವಿಟ್ಟನು. ಕುಡಿತಕ್ಕಾಗಿ ಇಷ್ಟು ಹೋರಾಟವೇ ಎಂದು ನಗುವವರು ನಗಲಿ. ಅವರು ಬೇಡಿದ್ದು ಕೂಡಿ ಕುಳಿತುಕೊಳ್ಳುವ ಹಕ್ಕನ್ನು. ಮದ್ಯವು ಆ ಜಾಗದ ಬಾಡಿಗೆಯಷ್ಟೆ.

ಮಿಕ್ಕ ಅಂಗಡಿಗಳಲ್ಲಿ ಬಹಳಷ್ಟು ಮಾಫಿಯಾದವರ ಕೈಯಲ್ಲಿದ್ದವು. 1969ರ ಜೂನ್ 28ರ ಪೊಲೀಸು ದಾಳಿಯಿಂದಲೂ ಪ್ರತಿಭಟನೆಯಿಂದಲೂ ಹೆಸರಾದ ಸ್ಟೋನ್‌ವಾಲ್ ಇನ್ ಕೂಡ ಅಂಥದೇ. ಅದಕ್ಕೆ ಮದ್ಯಪರವಾನಗಿಯಿರಲಿಲ್ಲ, ಗ್ಲಾಸು ತೊಳೆಯಲು ನಲ್ಲಿಯ ನೀರೂ ಇರಲಿಲ್ಲ. ಮದ್ಯಕ್ಕೆ ಮಾತ್ರ ನೀರು ಧಾರಾಳವಾಗಿ ಬೆರೆಯುತ್ತಿತ್ತು. ಆದರೂ ಜನ ಹೋದರು.

1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಲಿಲೀನ್ ಫೈಫೀಲ್ಡ್ ನಡೆಸಿದ ಅಧ್ಯಯನವು ಸಲಿಂಗಾನುರಾಗಿಗಳಲ್ಲಿ ಮೂರರಲ್ಲೊಂದು ಪಾಲು ಜನ ಮದ್ಯದ ತೊಂದರೆಗೆ ಸಿಲುಕಿದವರೆಂದು ಅಂದಾಜು ಮಾಡಿತು. ಆ ಲೆಕ್ಕವಾದರೋ ಬಹುಮಟ್ಟಿಗೆ ಪಾನಗೃಹಗಳಲ್ಲಿ ಕಲೆಹಾಕಿದ್ದು. ದೇವಾಲಯದ ಬಾಗಿಲಲ್ಲಿ ನಿಂತು ಊರಿನ ಭಕ್ತರನ್ನು ಎಣಿಸಿದಂತೆ! ಮುಂದೆ ವಿಶಾಲವಾದ ಸಮೀಕ್ಷೆಗಳು ನಡೆದಾಗ ಅಂತರವು ಕಿರಿದಾಯಿತು. ಆದರೆ ಅಳಿಯಲಿಲ್ಲ; ಸ್ತ್ರೀಯರಲ್ಲಿ, ಅದರಲ್ಲಿಯೂ ದ್ವಿಲಿಂಗಾನುರಾಗಿ ಸ್ತ್ರೀಯರಲ್ಲಿ, ಅದು ಎದ್ದು ಕಾಣುತ್ತದೆ.

ಹಾಗಾದರೆ ಕಾರಣವೇನು? ಇಲಾನ್ ಮೆಯರ್ 2003ರಲ್ಲಿ ವಿವರಿಸಿದ ‘ಅಲ್ಪಸಂಖ್ಯಾತರ ಒತ್ತಡ’ವೆಂಬ ವಿಚಾರ ಇಲ್ಲಿ ನೆರವಾಗುತ್ತದೆ. ಹೊರಗಿನ ಹಿಂಸೆ, ತಿರಸ್ಕಾರಗಳು ಒಂದು ಬಗೆ. ತಿರಸ್ಕಾರವನ್ನು ನಿರೀಕ್ಷಿಸುತ್ತ ಸದಾ ಎಚ್ಚರವಾಗಿರುವುದು, ಮರೆಮಾಚುವುದು, ಲೋಕದ ನಿಂದೆಯನ್ನು ತಾನೇ ನಂಬಿ ತನ್ನನ್ನು ಹಳಿದುಕೊಳ್ಳುವುದು ಇನ್ನೊಂದು ಬಗೆ. ಈ ಎರಡನೆಯದು ಒಬ್ಬನೇ ಇದ್ದಾಗಲೂ ಬಿಡುವುದಿಲ್ಲ. ಮದ್ಯವಾಗಲಿ, ಈಚಿನ ಮೆಥಾಂಫೆಟಮೈನ್ ಆಗಲಿ, ಆ ನಾಚಿಕೆಯನ್ನು ಕೆಲವು ಗಳಿಗೆ ಮರೆಸುತ್ತದೆ. ಅದರ ಮೋಹವೂ ಅಪಾಯವೂ ಅಲ್ಲಿಯೇ ಇದೆ.

ಚಿಕಿತ್ಸೆಯ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ. ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧವನ್ನೂ ಅಪರಾಧವೆಂದಿತ್ತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ಆ ಭಾಗವನ್ನು ತೊಡೆದುಹಾಕಿತು. ಕಾನೂನು ಸಡಿಲಿದ ಮಾತ್ರಕ್ಕೆ ನಾಲಿಗೆ ಸಡಿಲುವುದಿಲ್ಲ. ವ್ಯಸನಮುಕ್ತಿ ಕೇಂದ್ರಗಳಲ್ಲಿ ರೋಗಿಯ ಮನೆಯವರನ್ನು ಕರೆಸಿ ಸಲಹೆ ಕೊಡುವುದು ವಾಡಿಕೆ. ಮನೆಯವರಿಗೆ ತಿಳಿಯಬಾರದೆಂದೇ ಕುಡಿಯತೊಡಗಿದವನು ಅಲ್ಲಿಗೆ ಯಾರನ್ನು ಕರೆದುಕೊಂಡು ಹೋಗಬೇಕು?