ಮಳೆಯ ಮುನ್ಸೂಚನೆಯೂ ತೆಂಗುಸೀಮೆಯ ರೈತರೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಪಶ್ಚಿಮಘಟ್ಟಗಳ ಮರೆಗೆ ಬಿದ್ದಿರುವ ಅಲ್ಪವೃಷ್ಟಿಯ ಸೀಮೆ. ಇಲ್ಲಿ ಮೇ ತಿಂಗಳಲ್ಲಿ ಒಮ್ಮೆಯೂ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಮ್ಮೆಯೂ ಮಳೆಯು ಹೆಚ್ಚಾಗುವುದು. ಪೂರ್ವ ಮುಂಗಾರಿಗೆ ಹೆಸರು, ಉದ್ದು, ಎಳ್ಳುಗಳನ್ನು ಬಿತ್ತಿ, ಆ ಬಳಿಕ ರಾಗಿಗೆ ಹೊಲವನ್ನು ಹದಮಾಡುವುದು ವಾಡಿಕೆ. ಬಿತ್ತನೆಯ ದಿನ, ಕೂಲಿಯಾಳುಗಳ ಏರ್ಪಾಡು, ಕಣದ ಕೆಲಸ, ಮದುವೆಯ ಚಪ್ಪರ, ಜಾತ್ರೆಯ ತೇರು, ಇವೆಲ್ಲವೂ ಮಳೆಯನ್ನು ನೋಡಿಕೊಂಡೇ ನಡೆಯತಕ್ಕವು. ಆದುದರಿಂದ ಮಳೆಯನ್ನು ಮುಂದಾಗಿ ತಿಳಿಸುವವರ ಮಾತಿಗೆ ಗ್ರಾಮಜೀವನದಲ್ಲಿ ಬಹಳ ಬೆಲೆಯುಂಟು.

ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡಿ, ಮೇಘಾಧಿಪತಿ ಯಾರು, ಮಳೆ ಎಷ್ಟು ಕೊಳಗ ಎಂದು ಕೇಳುವುದು ನಮ್ಮ ಪೂರ್ವಿಕರ ಪದ್ಧತಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯಲ್ಲಿ ಅನುಭವದ ಸಾರವಿದೆ. ನಕ್ಷತ್ರಗಳ ಲೆಕ್ಕವು ಮಳೆಯ ಕಾಲವನ್ನು ನೆನಪಿಡಲು ಉಪಯುಕ್ತವಾದುದು. ಆದರೆ ಈ ವರ್ಷದ ಭರಣಿಯಲ್ಲಿ ಮಳೆ ಬರುವುದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಭಾರತ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ಅದರ ಮರುವರ್ಷವೇ ಮೈಸೂರು ಸೀಮೆಯನ್ನು ಧಾತು ಈಶ್ವರ ಕ್ಷಾಮವು ಆವರಿಸಿತು. ಮಳೆಯ ಅಭಾವವನ್ನು ಮುಂಚಿತವಾಗಿ ತಿಳಿಯಬೇಕೆಂಬ ಆತುರವು ಆ ಕ್ಷಾಮದಿಂದಲೇ ಬಲವಾಯಿತು. ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಬ್ಲಾನ್‌ಫರ್ಡ್ ಎಂಬವರು ಹಿಮಾಲಯದ ಹಿಮಪಾತವನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಪ್ರಕಟಿಸಿದರು. ಇಂದು ಉಪಗ್ರಹ, ರೇಡಾರ್, ಗಣಕಯಂತ್ರಗಳು ಈ ಕಾರ್ಯಕ್ಕೆ ಒದಗಿವೆ.

ಮುನ್ಸೂಚನೆಯು ಸುಳ್ಳಾಯಿತೆಂಬ ದೂರು ಹಳ್ಳಿಗಳಲ್ಲಿ ಆಗಾಗ್ಗೆ ಕೇಳಿಬರುವುದು. ಕೆಲವು ವೇಳೆ ಅದು ನಿಜವೇ. ಅನೇಕ ವೇಳೆ ಮಾತಿನ ಅರ್ಥವನ್ನು ತಿಳಿಯದಿರುವುದೇ ಕಾರಣ. "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಧಾರಣ ಮಳೆ" ಎಂದರೆ ಇಡೀ ದೇಶದ ಸರಾಸರಿಯಾದ 87 ಸೆಂಟಿಮೀಟರಿನಲ್ಲಿ ಶೇಕಡ 96ರಿಂದ 104ರಷ್ಟು ಎಂದರ್ಥ. ಅದು ಚಿಕ್ಕನಾಯಕನಹಳ್ಳಿಗೆ ಕೊಟ್ಟ ಭರವಸೆಯಲ್ಲ. ಜಿಲ್ಲೆಯ "ಅಲ್ಲಲ್ಲಿ ಒಂದೆರಡು ಕಡೆ" ಮಳೆ ಎಂದರೆ ಮಳೆಮಾಪಕ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದೆ ಮಳೆ ಬೀಳಬಹುದು. ತಿಪಟೂರಿನಲ್ಲಿ ಸುರಿದು ಹುಳಿಯಾರಿನಲ್ಲಿ ಹನಿಯದಿದ್ದರೂ ಆ ಮಾತು ಸುಳ್ಳಾಗದು. "ಭಾರಿ ಮಳೆ" ಎಂಬುದು ಒಂದು ದಿನದಲ್ಲಿ 64.5 ಮಿಲಿಮೀಟರಿಗೆ ಕಡಮೆಯಿಲ್ಲದ ಮಳೆ.

ಈ ವಿಷಯದಲ್ಲಿ ಗ್ರಾಮದ ಯಜಮಾನರ ಹೊಣೆ ಹೆಚ್ಚಿನದು. ದೊಡ್ಡ ಹಿಡುವಳಿದಾರನು ಕೂರಿಗೆ ಹೂಡಿದರೆ ನೆರೆಯ ಸಣ್ಣ ರೈತನೂ ಹೂಡುವನು. ಮಳೆ ತಪ್ಪಿದಾಗ ಮೊದಲನೆಯವನಿಗೆ ಮತ್ತೊಮ್ಮೆ ಬಿತ್ತಲು ಬೀಜವಿರುವುದು, ಎರಡನೆಯವನಿಗೆ ಇರುವುದಿಲ್ಲ. ಆದಕಾರಣ ಯಜಮಾನರು ಕೆಳಗಿನ ಅಂಶಗಳನ್ನು ಗಮನಿಸುವುದು ಶ್ರೇಯಸ್ಕರ.

1. ಬಿತ್ತನೆಯನ್ನು ಇಡೀ ಋತುವಿನ ಮುನ್ಸೂಚನೆಯಿಂದ ನಿಶ್ಚಯಿಸದೆ, ಮಂಗಳವಾರ ಮತ್ತು ಶುಕ್ರವಾರಗಳಂದು ಪ್ರಕಟವಾಗುವ ಮುಂದಿನ 5 ದಿನಗಳ ಕೃಷಿ ಹವಾಮಾನ ವರದಿಯನ್ನೂ, ನೆಲದ ಹದವನ್ನೂ ಒಟ್ಟಿಗೆ ನೋಡಬೇಕು.

2. ಹೆಸರಿನ ಕಾಯಿ ಮಾಗಿರುವಾಗ ಮಳೆಯ ಸೂಚನೆಯಿದ್ದರೆ, ಮಾಗಿದಷ್ಟನ್ನು ಬಿಡಿಸಿ ಸೂರಿನಡಿ ಸೇರಿಸಬೇಕು. ಮಳೆ ಬಾರದಿದ್ದರೆ ನಷ್ಟವು ಒಂದೆರಡು ದಿನದ ಕೂಲಿ. ಬಂದರೆ ಉಳಿಯುವುದು ಬೆಳೆ. ಕೊಬ್ಬರಿ ಒಡೆಯುವ ಕೆಲಸಕ್ಕೂ ಒಣ ದಿನಗಳನ್ನೇ ಆರಿಸಬೇಕು. ತೇವ ತಗುಲಿದ ಉಂಡೆಗೆ ಬೂಷ್ಟು ಹಿಡಿಯುವುದು.

3. ಮಳೆ ಕೊರತೆಯ ಸೂಚನೆಯಿದ್ದ ವರ್ಷ ತೆಂಗಿನ ಪಾತಿಗಳಿಗೆ ಗರಿ, ಸಿಪ್ಪೆಗಳನ್ನು ಮೊದಲೇ ಹೊದಿಸಬೇಕು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಹೊಂಬಾಳೆಯ ಅಂಕುರವಾದರೋ ಅದಕ್ಕೂ ಎರಡು ವರ್ಷಗಳಿಗೆ ಹಿಂದೆಯೇ ಸುಳಿಯೊಳಗೆ ಮೂಡಿರುವುದು. ಆದುದರಿಂದ ಒಂದು ವರ್ಷದ ಬರವು ಮುಂದಿನ ವರ್ಷಗಳ ಫಸಲನ್ನೂ ಕುಗ್ಗಿಸುವುದು.

4. ಗ್ರಾಮದಲ್ಲಿ ಒಂದು ಮಳೆಮಾಪಕವನ್ನಿಟ್ಟು ಪ್ರತಿದಿನ ಬೆಳಿಗ್ಗೆ 8-30 ಗಂಟೆಗೆ ಅಳತೆಯನ್ನು ಬರೆದಿಡಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

ಹೀಗೆ ನಾಲ್ಕಾರು ವರ್ಷಗಳ ಲೆಕ್ಕವು ಕೈಯಲ್ಲಿದ್ದರೆ, ಮುನ್ಸೂಚನೆಯು ತಮ್ಮ ಊರಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ರೈತರು ತಾವೇ ಅರಿಯಬಹುದು. ಮುನ್ಸೂಚನೆಯು ದೈವವಾಣಿಯಲ್ಲ, ಹುಸಿಮಾತೂ ಅಲ್ಲ. ಅಳೆದು ಉಪಯೋಗಿಸತಕ್ಕ ಸಲಹೆ.